ಮಲಕಪ್ಪನ ಕಂಬ

ಕುಂಯ್ಯೆಂದು ಮೈಕು ಕಿರುಚಿ ಹಲ್ಲೆಲ್ಲ ಜುಮ್ಮೆಂದವು, ಪಕ್ಕದಲ್ಲಿ ಯಾರದೋ ಕೂಸು ಬೆಚ್ಚಿ ಅಳತೊಡಗಿತು, ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡು ಮುಂದೆ ನೋಡಿದರೆ ಕಾಶೆವ್ವ ಮಾತ್ರ ಕತ್ತು ಹಿಂದಕ್ಕೆ ಹೊರಳಿಸಿದಳು — ಇದ್ದಾನೆ, ಗಂಡ ಇದ್ದಾನೆ, ಗಂಡಸರ ಸಾಲಿನ ಕೊನೆಗೆ, ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿಕೊಂಡು, ಎದ್ದು ಹೋಗಿಲ್ಲ, ಸದ್ಯ ಎದ್ದು ಹೋಗಿಲ್ಲ. ಕಾರ್ತಿಕ ಸೋಮವಾರದ ಬೆಳಗಿನ ಬಿಸಿಲು ಹೊಸ ಗುಡಿಯ ಹೊಸ ಸುಣ್ಣದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿದೆ, ಗಾಳಿ ತಿರುಗಿದಾಗಲೆಲ್ಲ ಊದುಬತ್ತಿಯ ವಾಸನೆಯನ್ನು ಪಕ್ಕಕ್ಕೆ ತಳ್ಳಿ ಕಾಗದದ ಮಿಲ್ಲಿನ ವಾಸನೆ ಒಳಗೆ ನುಗ್ಗುತ್ತದೆ, ದಾಂಡೇಲಿಯಲ್ಲಿ ದೇವರೂ ಅದನ್ನೇ ಮೂಸಬೇಕು. ಹಲೋ, ಹಲೋ, ಹಿಂದಿನವ್ರಿಗೆ ಕೇಳಸ್ತೈತೇನ್ರಿ — ಈಶಪ್ಪ, ಭಜನಾ ಮಂಡಳಿಯ ಅಧ್ಯಕ್ಷ ಈಶಪ್ಪ, ಇವನಿಗೆ ಮೈಕು ಯಾಕೆ, ಯಂತ್ರಗಳ ಸದ್ದಿನ ಮೇಲೆ ಆಳುಗಳನ್ನು ಕೂಗಿ ಕೂಗಿ ಪಳಗಿದ ಗಂಟಲು, ಬರೀ ಬಾಯಲ್ಲಿ ಕೂಗಿದರೂ ಕಾಳಿ ಹೊಳೆಯ ಆಚೆ ದಂಡೆಗೆ ಕೇಳುತ್ತದೆ. ಏನು ಹೇಳುತ್ತಿದ್ದಾನೆ ಈಗ? ಎಲ್ಲಾರ ಸ್ವಭಾವ ಒಂದ ಥರ ಇರೂದಿಲ್ರಿ, ಶಿವ ಒಬ್ಬೊಬ್ಬನ್ನ ಒಂದೊಂದ ಥರ ಮಾಡ್ಯಾನ, ಅದನ್ನ ತಿಳಕೊಂಡ ನಡಿಯೂದ ಭಕ್ತಿ, ನಾವು ತಿಳಕೊಂಡಿವಿ, ಅದಕ್ಕ ಇವತ್ತ ಈ ಗುಡಿ ಎದ್ದ ನಿಂತೈತಿ. ಚಪ್ಪಾಳೆ. ಕಾಶೆವ್ವನ ಕೈಗಳೂ ಮೇಲೆದ್ದವು, ಅರ್ಧಕ್ಕೇ ನಿಂತವು, ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿದವು. ತಿಳಕೊಂಡಿರಿ, ಹೌದು, ಯಾರನ್ನು ಉರಿಸಿ ಆ ಬೆಳಕಿನಲ್ಲಿ ತಿಳಕೊಂಡಿರಿ ಅನ್ನುವುದನ್ನೂ ಹೇಳು, ಅದಕ್ಕೂ ಮೈಕು ಇದೆಯಲ್ಲ.

ಆಗ ಇದ್ದದ್ದು ತಗಡಿನ ಗುಡಿ. ಮಿಲ್ಲು ಶುರುವಾದ ಹೊಸದರಲ್ಲಿ ಧಾರವಾಡದ ಕಡೆಯಿಂದ, ಬೆಳಗಾವಿಯ ಕಡೆಯಿಂದ ಹೊಟ್ಟೆಯ ಹಿಂದೆ ಬಂದವರು ಕಾಡು ಕಡಿದ ಜಾಗದಲ್ಲಿ ನಾಲ್ಕು ಬಿದಿರು ನೆಟ್ಟು, ಮೇಲೊಂದು ತಗಡು ಹೊದಿಸಿ, ಹೊಳೆಯ ಕಲ್ಲೊಂದನ್ನು ಲಿಂಗ ಅಂತ ಕೂರಿಸಿಕೊಂಡಿದ್ದರು, ಮಳೆ ಬಂದರೆ ಮಂತ್ರ ಕೇಳುತ್ತಿರಲಿಲ್ಲ, ತಗಡೇ ಕೇಳುತ್ತಿತ್ತು. ಪೂಜೆಗೆ ಅಡಿವೆಯ್ಯ, ಹಳಿಯಾಳದ ಕಡೆಯ ಜಂಗಮ, ಕೆಮ್ಮುತ್ತಲೇ ಬಿಲ್ವಪತ್ರಿ ಏರಿಸುವ ಮುದುಕ — ಓದಿದವನಲ್ಲ, ಭಾಷಣ ಮಾಡಿದವನಲ್ಲ, ಆದರೆ ಎದುರಿಗೆ ಬಂದ ಮನುಷ್ಯ ಎಂಥವನು ಅಂತ ಕೈಯಲ್ಲಿ ಹಿಡಿದ ಕಾಯಿಯ ಹಾಗೆ ಒಂದು ಸಲ ಅಲುಗಿಸಿ ತಿಳಿದುಬಿಡುತ್ತಿದ್ದ. ಚನಬಸಪ್ಪ ಯಾವುದಕ್ಕೂ ಮೊದಲು ಅಲ್ಲ ಅನ್ನುವವನು, ಹೌದು ಅನ್ನಬೇಕಾದರೂ ಅಲ್ಲದಿಂದಲೇ ಶುರುಮಾಡುವವನು, ಅವನನ್ನು ಕರೆದು ಅಯ್ಯ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ಓಣ್ಯಾಗ ಜಗಳಾ ಆದ್ರ ಬಿಡಸಾವ ನೀನ ಆಗಪಾ, ಎರಡೂ ಕಡೀ ವಾದಾ ನೀ ಒಬ್ಬನ ಮಾಡ್ತಿ, ಪಾಪ ಅವ್ರಿಗೆ ಬಾಯಿ ನೋಯೂದಿಲ್ಲ. ಈಶಪ್ಪನ ಕೈಗೆ ತಾಳ ಕೊಟ್ಟು ಮುಂದಿನ ಸಾಲಿಗೆ ಕೂರಿಸಿದ. ಅವಳಿಗೆ, ಕಾಶೆವ್ವನಿಗೆ, ಹಗಲೆಲ್ಲ ಮಿಲ್ಲಿನಲ್ಲಿ ಹರಿದ ಹಾಳೆ ಬೇರೆ ಒಳ್ಳೆ ಹಾಳೆ ಬೇರೆ ಅಂತ ಆರಿಸುತ್ತಲೇ ಮಾತಾಡಿ, ಸಂಜೆ ನಲ್ಲಿಯ ಹತ್ತಿರ ಮಾತಾಡಿ, ಇನ್ನೂ ಮಾತು ಉಳಿಸಿಕೊಂಡು ಗುಡಿಗೆ ಬರುತ್ತಿದ್ದವಳಿಗೆ — ನೀ ಹೊಸದಾಗಿ ಬಂದ ಹೆಣಮಕ್ಕಳ ಬಾಜೂಕ ಕುಂದ್ರವಾ, ಊರ ಬಿಟ್ಟ ದುಃಖಾ ಯಾರರ ಮಾತಾಡಿಸಿದ್ರ ಹಗರ ಆಗತೈತಿ. ಅವಳ ಗಂಡ ಮಲಕಪ್ಪ ಒಳಗೇ ಬಂದಿರಲಿಲ್ಲ, ಹೊರಗೆ ಮತ್ತಿ ಮರದ ಬುಡದಲ್ಲಿ ಕೂತಿದ್ದ, ಈಶಪ್ಪ ರಟ್ಟೆ ಹಿಡಿದು ಎಳೆದು ತರಲು ಹೊರಟಾಗ ಅಯ್ಯ ಅಡ್ಡ ಕೈ ಮಾಡಿದ, ಬ್ಯಾಡ, ಅವ ಎಲ್ಲಿ ಅದಾನೋ ಅಲ್ಲೇ ಬಂದಾನ. ಮರುದಿನ ಇವನಿಗೊಬ್ಬನಿಗೇ ಹೇಳಿದನಂತೆ, ಎಲ್ಲಾರೂ ಹೋದ ಮ್ಯಾಲ ಬಾರೋ ತಮ್ಮಾ, ಕಸಾ ಉಡುಗು, ಆಮ್ಯಾಲ ಎಷ್ಟ ಹೊತ್ತ ಬೇಕಾದ್ರೂ ಕುಂದ್ರು, ನಾನೂ ಕೇಳೂದಿಲ್ಲ. ಅಂದಿನಿಂದ ಪಾಳಿ ಮುಗಿಸಿ, ತಲೆಯಲ್ಲಿ ಬಿದಿರಿನ ಹೊಟ್ಟು ಹಾಗೇ ಇಟ್ಟುಕೊಂಡು ಸೀದಾ ಗುಡಿಗೆ. ಒಂದು ಮಧ್ಯಾಹ್ನ ರೊಟ್ಟಿ ತಣ್ಣಗಾಯಿತೆಂದು ಸಿಟ್ಟಿನಿಂದ ಹುಡುಕಿಕೊಂಡು ಹೋಗಿದ್ದಳು, ಕರೆಯಬೇಕೆಂದು ತೆರೆದ ಬಾಯಿ ಹಾಗೇ ಮುಚ್ಚಿತು — ಆ ಮುಖ, ಮನೆಯಲ್ಲಿ ಅವಳಿಗೆ ಒಂದು ದಿನವೂ ಸಿಗದ ಮುಖ, ಯಾರೋ ಬಹಳ ಹೊತ್ತಿನಿಂದ ಚೆನ್ನಾಗಿ ಮಾತಾಡಿಸುತ್ತಿದ್ದಾರೆ ಅನ್ನುವಂಥ ಮುಖ, ಅವಳಿಗೆ ಹೊಟ್ಟೆಕಿಚ್ಚಾಗಿತ್ತು, ಕಲ್ಲಿನ ಮೇಲೆ ಹೊಟ್ಟೆಕಿಚ್ಚು, ಯಾರ ಮುಂದೆ ಹೇಳಬೇಕು ಅದನ್ನು.

ಈಶಪ್ಪ ಕೆಟ್ಟವನೇ? ಕೆಟ್ಟವನಾಗಿದ್ದರೆ ಎಷ್ಟು ಸಸಾರವಾಗಿತ್ತು, ಬೈದು ಹಗುರಾಗಬಹುದಿತ್ತು. ಅವಳಿಗೆ ಜ್ವರ ನೆತ್ತಿಗೇರಿದ ವರ್ಷ ಸುರಿಯುವ ಮಳೆಯಲ್ಲಿ ಬಿದಿರಿನ ಲಾರಿ ನಿಲ್ಲಿಸಿ ಆಸ್ಪತ್ರೆಗೆ ಹಾಕಿದವನು ಇವನೇ, ಗಂಡ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ನಿಂತಿದ್ದ. ಅಡಿವೆಯ್ಯನ ಕೆಮ್ಮಿನಲ್ಲಿ ರಕ್ತ ಕಾಣಿಸಿ ತಮ್ಮನ ಮಗ ಚಕ್ಕಡಿ ಕಟ್ಟಿಕೊಂಡು ಬಂದು ಊರಿಗೆ ಕರೆದುಕೊಂಡು ಹೋದ, ಆ ಬೇಸಿಗೆ ದಾಟಲಿಲ್ಲ ಮುದುಕ, ಗುಡಿ ಈಶಪ್ಪನ ಕೈಗೆ ಬಂತು, ಈಶಪ್ಪ ಕೈಗೆ ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುವವನಲ್ಲ. ಇನ್ನ ಮ್ಯಾಲ ಸರತಿ, ಪ್ರತಿ ಸೋಮವಾರ ಒಬ್ಬೊಬ್ರು ಮುಂದ ಬಂದ ಹಾಡಬೇಕು, ಹಾಡಾಕ ಬರದವ್ರು ಪಂಚಾಕ್ಷರಿ ಹೇಳಿಸಬೇಕು, ಮೂಲ್ಯಾಗ ಮುದುಡಿ ಕುಂತ್ರ ನಾವು ಒಂದ ಮನಿಯವ್ರು ಹೆಂಗ ಆಗ್ತೀವಿ — ಅವನು ಪ್ರೀತಿಯಿಂದಲೇ ಅಂದದ್ದು, ಮುಚ್ಚಿದ ಬಾಯಿ ಎಂದರೆ ಒಳಗೆ ನೋವಿದೆ ಅಂತಲೇ ಅವನು ನಂಬಿದ್ದ, ತನ್ನ ಹಾಗೆ ಎಲ್ಲರಿಗೂ ಕೂಗಿದರೆ ನೋವು ಹೋಗುತ್ತದೆಂದು ನಂಬಿದ್ದ. ಮಲಕಪ್ಪನ ಸರತಿ ಬಂತು. ಮದುವೆಯಲ್ಲಿ ಒಡಪು ಹಾಕಿ ಹೆಂಡತಿಯ ಹೆಸರು ಹೇಳು ಎಂದಾಗ ಕಿವಿಯವರೆಗೂ ಕೆಂಪಾಗಿ ನಿಂತವನ ಪರವಾಗಿ ಅವನವ್ವ ಹೇಳಿದ್ದಳು, ಇಲ್ಲಿ ಯಾವ ಅವ್ವ? ಬಿದಿರು ಕತ್ತರಿಸುವ ಯಂತ್ರದ ಬಾಯಿಗೆ ಕೈ ಕೊಡಲು ಹೆದರದ ಗಂಡಸು, ಮುಂದೆ ನಿಂತು, ನೆಟ್ಟಗೆ ನಿಂತು, ಬಾಯಿ ತೆರೆದ. ತೆರೆದೇ ಇತ್ತು. ಕುತ್ತಿಗೆಯ ನರ ಉಬ್ಬಿತು, ಹಣೆಯ ಬೆವರು ಹುಬ್ಬಿಗಿಳಿಯಿತು, ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಈಶಪ್ಪನೇ ದೊಡ್ಡದಾಗಿ ನಕ್ಕು ಹಗುರ ಮಾಡಲು ನೋಡಿದ, ಏ ಮಲಕಪ್ಪಣ್ಣಾ, ಶಿವಾ ಅನ್ನು, ಎರಡ ಅಕ್ಷರ, ಎಮ್ಮಿ ಸೈತ ಅಷ್ಟ ಅಂತೈತಿ. ಎಮ್ಮೆ ಅಂದದ್ದೇ ತಡ ತಗಡು ಹಾರಿಹೋಗುವಂತೆ ನಗೆ. ಅವಳು ಹೆಂಗಸರ ಸಾಲಿನಲ್ಲಿ ಉಗುರು ಅಂಗೈಗೆ ಒತ್ತಿ ಕೂತಿದ್ದಳು, ಅನ್ನು, ಅಂದುಬಿಡು, ನಿನ್ನೆ ಒಲೆಯ ಮುಂದೆ ಅಂದೆಯಲ್ಲ, ಸಣ್ಣಗಾದರೂ ಅಂದೆಯಲ್ಲ. ಅವನು ಬಾಯಿ ಮುಚ್ಚಿದ. ಎಲ್ಲರಿಗೂ ಒಂದು ಸಲ ಕೈ ಮುಗಿದ, ಲಿಂಗಕ್ಕೆ ಮುಗಿಯಲಿಲ್ಲ, ಹೊರಗೆ ನಡೆದ.

ಸೊಕ್ಕು, ಅಂದರು. ದೇವರ ಮುಂದ ಬಾಯಿ ಬಿಡಾಕ ಏನ್ ಬ್ಯಾನಿ ಅಂತ, ಅಂದರು. ನಲ್ಲಿಯ ಹತ್ತಿರ ಪಕ್ಕದ ಮನೆಯ ಸಕ್ಕುಬಾಯಿ ಕೊಡ ತುಂಬಿಸುತ್ತ, ಸಿಟ್ಟ ಆಗಬ್ಯಾಡ ಕಾಶೆವ್ವಾ, ನಿನ್ನಂಥಾಕಿಗೆ ಇಂಥಾ ಗಂಡ ಹೆಂಗ ಸಿಕ್ಕ, ನೀನರ ಎಷ್ಟ ಚಂದ ಬೆರೀತಿ ಎಲ್ಲಾರ ಜೋಡಿ. ಚಂದ ಬೆರೆಯುವುದು, ಅದೇನು ತಾನು ಗಳಿಸಿದ್ದೇ, ಹುಟ್ಟಿನಿಂದ ಬಂದ ವಟವಟ, ಅದು ಇದ್ದವರಿಗೆ ಮನ್ನಣೆ, ಇಲ್ಲದವರಿಗೆ ಎಮ್ಮೆ. ಅವನು ಗುಡಿಗೆ ಹೋಗುವುದು ನಿಂತಿತು, ಮಧ್ಯಾಹ್ನವೂ ನಿಂತಿತು, ಮನೆಗೆ ಬಂದು ಗೋಡೆ ನೋಡುತ್ತಿದ್ದ, ಮುಂಡಗೋಡಿನಲ್ಲಿ ಟಿಬೇಟಿನವರಿಗೆ ಅಂತ ಕಾಡು ಕಡಿದು ಹೊಲ ಮಾಡುತ್ತಿದ್ದಾರೆ, ಆಳು ಬೇಕು ಅಂತ ಸುದ್ದಿ ಬಂದಾಗ ಒಂದು ಬೆಳಿಗ್ಗೆ ಕಂಬಳಿ ಹೆಗಲಿಗೆ ಹಾಕಿಕೊಂಡ, ಹೋಗಿ ಬರ್ತೇನಿ ಅಂದ, ಅಷ್ಟೇ. ಅವಳ ಕೆಲಸ ಇಲ್ಲಿ, ಕೋಣೆ ಇಲ್ಲಿ, ಮಾತಾಡುವ ಜನ ಇಲ್ಲಿ — ಹೋಗಲಿಲ್ಲ ಜೊತೆಗೆ. ಆಮೇಲೆ ಗುಡಿಯ ಗತಿಯೂ ಅಷ್ಟರಲ್ಲೇ ಇತ್ತು, ತೊದಲು ಮಾತಿನ ಹೊಳೆವ್ವ ತನ್ನ ಸರತಿಯ ಹಿಂದಿನ ದಿನದಿಂದ ಹೊಟ್ಟೆನೋವೆಂದು ಮಲಗಿದವಳು ಮತ್ತೆ ಬರಲಿಲ್ಲ, ವಾದ ಮಾಡಿದ ಚನಬಸಪ್ಪನಿಗೆ ನಿಯಮ ಅಂದ್ರ ನಿಯಮ ಅಂದದ್ದಕ್ಕೆ ಅವನು ಅರ್ಧ ಓಣಿಯನ್ನು ಕಟ್ಟಿಕೊಂಡು ಹೋಗಿ ಆಚೆ ಬೇರೆ ಶಿವನ ಫೋಟೊ ಇಟ್ಟುಕೊಂಡು ಕೂತ, ಒಂದು ಶಿವರಾತ್ರಿಯ ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿ ಅವಳು ಪಾಳಿಗೆ ಓಡುವಾಗ ನೋಡಿದಳು, ತಗಡಿನ ಗುಡಿಯಲ್ಲಿ ಈಶಪ್ಪ ಒಬ್ಬನೇ, ತಾನೇ ಹಾಡಿ, ತಾನೇ ತಾಳ ಹಾಕಿ, ಹಿಂದೆ ಹಾಡಬೇಕಾದವರ ಸೊಲ್ಲನ್ನೂ ತಾನೇ ಹಾಡುತ್ತಿದ್ದ. ಅದರ ಮೇಲೆಯೇ ಅವನು ಮನೆಮನೆಗೆ ಹೋದದ್ದು, ತಪ್ಪಾತು ಅಂದದ್ದು, ಚನಬಸಪ್ಪನ ಹೊಸ್ತಿಲಲ್ಲಿ ಕೂತು ಅಡಿವೆಯ್ಯ ಇದ್ದಿದ್ರ ಹಿಂಗ ಆಗ್ತಿರಲಿಲ್ಲ ಅಂತ ಅತ್ತದ್ದು. ಸರತಿ ಹೋಯಿತು. ಹಾಡುವವರು ಹಾಡಲಿ, ವಾದ ಮಾಡುವವರಿಗೆ ಪ್ರಸಾದವಾದ ಮೇಲೆ ಕಟ್ಟೆ, ಹೊಳೆವ್ವ ಹೂ ಕಟ್ಟಿಕೊಂಡು ಒಂದು ಕಡೆ ಇರಲಿ, ಯಾರೂ ಕೇಳುವುದಿಲ್ಲ. ಒಡೆದ ಓಣಿ ಕೂಡಿತು, ಕೂಡಿದ ಕೈಗಳೇ ಈ ಕಲ್ಲು ಹೊತ್ತವು, ಈ ಕಂಬ ನಿಲ್ಲಿಸಿದವು. ಸುಳ್ಳಲ್ಲ, ಈಶಪ್ಪ ಮೈಕಿನಲ್ಲಿ ಹೇಳುತ್ತಿರುವುದು ಒಂದಕ್ಷರವೂ ಸುಳ್ಳಲ್ಲ, ಅದೇ ಅಲ್ಲವೇ ಉರಿಯುವುದು — ನಿಜ ಹೇಳುತ್ತಿದ್ದಾನೆ, ಪಾಠ ಎಲ್ಲರಿಗೂ ಬಂತು, ಪೆಟ್ಟು ಒಬ್ಬನಿಗೆ.

ಹೋಗಿ ಕರಕೊಂಡ ಬಾ ತಂಗೀ, ಈಶಪ್ಪ ಮನೆಗೆ ಬಂದು ನೆಲದ ಮೇಲೆ ಕೂತು ಹೇಳಿದ್ದ, ಮಲಕಪ್ಪಣ್ಣ ಬರದ ನಾ ಹೆಂಗ ಗುಡೀ ಬಾಗಲಾ ತಗೀಲಿ. ಹಳಿಯಾಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಮತ್ತೊಂದು, ಮುಂಡಗೋಡಿನಿಂದ ಆಚೆ ನಡಿಗೆ, ಗೋವಿನಜೋಳ ಆಳೆತ್ತರ ನಿಂತಿತ್ತು, ಬಿಳಿ ತೆನೆ ಒಣಗಿ ಗರಗರ ಅನ್ನುತ್ತಿತ್ತು, ಬಿದಿರುಗಳಿಗೆ ಬಣ್ಣಬಣ್ಣದ ಬಟ್ಟೆ ಕಟ್ಟಿದ್ದರು. ಹಂದಿ ಬಾರದಂತೆ ಹೊಲ ಕಾಯುವ ಕೆಲಸ ಅವನಿಗೆ. ಬದುವಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಮಾಸಿದ ಕೆಂಪು ಬಟ್ಟೆಯ ಟಿಬೇಟಿನ ಮುದುಕ ಮಣಿಸರ ಎಣಿಸುತ್ತಿದ್ದ, ಇವನ ಮಾತು ಅವನಿಗೆ ಬಾರದು, ಅವನದು ಇವನಿಗೆ ಬಾರದು, ಇಬ್ಬರಿಗೂ ಅದು ಬೇಕಾಗಿಯೂ ಇರಲಿಲ್ಲ. ಆ ಮುಖ — ಮತ್ತೆ ಆ ಮುಖ, ಮಧ್ಯಾಹ್ನದ ತಗಡಿನ ಗುಡಿಯಲ್ಲಿ ನೋಡಿದ್ದು. ಇಲ್ಲಿಗೆ ಬರಬೇಕಾಯಿತು ಅದಕ್ಕೆ, ಎಲ್ಲಿಯದೋ ಹಿಮದ ದೇಶ ಬಿಟ್ಟು ಬಂದ ಮುದುಕ ಬೇಕಾಯಿತು, ನಮ್ಮ ಓಣಿ ನಮ್ಮ ಜನ ನಮ್ಮ ಶಿವ ಯಾರೂ ಆಗಲಿಲ್ಲ, ನಾನೂ ಆಗಲಿಲ್ಲ. ಮುದುಕ ಉಪ್ಪು ಹಾಕಿದ ಚಹಾ ಕೊಟ್ಟ, ಗಂಟಲಲ್ಲಿ ಇಳಿಯಲಿಲ್ಲ, ಇಳಿಸಿದಳು. ಅವಳು ಮಾತಾಡಿದಳು, ಹೊತ್ತು ಇಳಿಯುವವರೆಗೂ ಮಾತಾಡಿದಳು, ಈಗ ಹಂಗಿಲ್ರಿ, ಎಲ್ಲಾರೂ ತಿಳಕೊಂಡಾರ, ಬಾಗಲದ ಹತ್ತರ ಒಂದ ಕಂಬ ಐತಿ, ಅಲ್ಲೇ ಕುಂದರ್ರಿ, ಯಾರೂ ನಿಮ್ಮನ್ನ ಎಬ್ಬಸೂದಿಲ್ಲ, ನನ್ನಾಣಿ. ಅವನು ಬಹಳ ಹೊತ್ತು ಒಂದು ತೆನೆಯ ಸಿಪ್ಪೆ ಸುಲಿದ. ಆಮೇಲೆ, ಎಬ್ಬಸೂದಿಲ್ಲಲಾ, ಅಂದ. ಅವಳು ಅವನ ಕೈ ಮೇಲೆ ಕೈ ಇಟ್ಟಳು, ಇಲ್ರಿ.

ಈಶಪ್ಪನ ಧ್ವನಿ ಮೆತ್ತಗಾಗಿದೆ. ಅವನ ಧ್ವನಿ ಯಾಕೆ ಮೆತ್ತಗಾಯಿತು — ನಮಗ ಈ ಪಾಠಾ ಕಲಿಸಿದಾವ ಒಬ್ಬ ಅದಾನ್ರಿ, ಇವತ್ತ ನಮ್ಮ ನಡುವನ ಅದಾನ — ಬೇಡ, ಈಶಪ್ಪಣ್ಣ, ಬೇಡ, ನಿನ್ನ ಕಾಲಿಗೆ ಬೀಳುತ್ತೇನೆ — ಅವಂಗ ನಾನ ಎಮ್ಮಿ ಅಂದಿದ್ದೆ, ನಾವೆಲ್ಲಾ ನಕ್ಕಿದ್ವಿ, ನೆನಪೈತಿಲ್ರಿ? ನೆನಪಿತ್ತು ಎಲ್ಲರಿಗೂ, ಈಗಲೂ ನಕ್ಕರು, ಮೆತ್ತಗೆ, ಪ್ರೀತಿಯಿಂದ, ಮನೆಯ ಹಳೆಯ ಕತೆಗೆ ನಗುವ ಹಾಗೆ, ಹೆಂಗಸರು ಅವಳ ಕಡೆ ತಿರುಗಿ ತಲೆದೂಗಿದರು, ಸಕ್ಕುಬಾಯಿ ಅವಳ ತೊಡೆ ಒತ್ತಿದಳು. ಬಾಗಲದ ಬಾಜೂಕ ಇರೂ ಆ ಕಂಬ, ಅದು ಮಲಕಪ್ಪನ ಕಂಬ, ಸುಮ್ಮಕ ಕುಂದ್ರಾವ್ರಿಗೆ ಆ ಜಾಗಾ ಇನ್ನ ಮ್ಯಾಲ ಮೀಸಲ! ಎಲ್ಲ ಕತ್ತುಗಳು ಹಿಂದಕ್ಕೆ ಹೊರಳಿದವು, ಇಷ್ಟು ಹೊತ್ತು ಅವಳೊಬ್ಬಳೇ ನೋಡುತ್ತಿದ್ದ ಕಂಬವನ್ನು ಇಡೀ ಗುಡಿ ನೋಡಿತು. ಬರ್ರಿ ಮಲಕಪ್ಪಣ್ಣಾ, ಮಾತಾಡೂದ ಬ್ಯಾಡ, ನಿಮ್ಮ ಸ್ವಭಾವ ನಮಗ ಗೊತ್ತೈತಿ, ಬರೇ ನಿಂತ್ರ ಸಾಕು, ಜನಾ ನೋಡ್ಲಿ. ಕೂತವನ ರಟ್ಟೆಗೆ ಎರಡು ಕಡೆಯಿಂದ ಕೈಗಳು ಬಂದವು, ಮರ್ಯಾದೆಯಿಂದಲೇ ಬಂದವು, ಎತ್ತಿದವು, ಸಾಲುಗಳ ನಡುವೆ ದಾರಿಯಾಯಿತು, ಅವನ ಕಾಲು ನಡೆಯಿತೋ ಅವರು ನಡೆಸಿದರೋ. ಚನಬಸಪ್ಪ ತಟ್ಟೆ ಹಿಡಿದಿದ್ದ, ಈಶಪ್ಪ ಜರಿಯಂಚಿನ ನೇರಳೆ ಶಾಲು ಕೊಡವಿ ಹೊದಿಸಿದ, ಹೊದಿಸುತ್ತಲೇ ಅವನ ಕಣ್ಣಲ್ಲಿ ನೀರು, ನಿಜವಾದ ನೀರು, ತಬ್ಬಿಕೊಂಡ. ಚಪ್ಪಾಳೆ ನಿಲ್ಲುತ್ತಿಲ್ಲ. ಎದ್ದು ಕೂಗಬೇಕು, ಬಿಡ್ರಿ ಅವರನ್ನ ಅನ್ನಬೇಕು, ನಿಮ್ಮ ತಿಳುವಳಿಕೆಗೆ ಬೆಂಕಿ ಬೀಳಲಿ, ಕೂತವನನ್ನು ಕೂತಲ್ಲಿ ಬಿಡುವುದಕ್ಕೆ ಇಷ್ಟೆಲ್ಲ ಭಾಷಣ ಬೇಕೇ ಅನ್ನಬೇಕು, ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನಿರದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಎದ್ದರೆ ಏನನ್ನುತ್ತಾರೆ, ಇಂಥ ದಿನ, ಇಷ್ಟು ಒಳ್ಳೆಯವರು. ಅವನು ತಲೆ ಎತ್ತಿ ಹೆಂಗಸರ ಸಾಲಿನಲ್ಲಿ ಹುಡುಕಿದ, ಅವಳನ್ನು ಕಂಡ. ಸಿಟ್ಟಿಲ್ಲ ಆ ಕಣ್ಣಿನಲ್ಲಿ. ನೋಡಿದ, ಅಷ್ಟೇ, ಬಸ್ಸಿನಲ್ಲಿ ಹೋಗುತ್ತ ಯಾವುದೋ ಊರು ನೋಡುವ ಹಾಗೆ.

ತಿರುಗಿ ನಡೆದ. ಶಾಲು ಹೊದ್ದುಕೊಂಡೇ, ಜನರ ನಡುವೆ, ಕಂಬದ ಹತ್ತಿರ ನಿಲ್ಲಲಿಲ್ಲ, ಬಾಗಿಲು ದಾಟಿದ. ಬಿಡ್ರಿ, ಬಿಡ್ರಿ, ಈಶಪ್ಪ ಮೈಕಿನಲ್ಲಿ ನಕ್ಕ, ತಡೀಬ್ಯಾಡ್ರಿ, ಅದು ಅವನ ಸ್ವಭಾವ, ದಾರೀ ಬಿಡ್ರಿ — ಆಗ ಬಿತ್ತು ನೋಡು ಚಪ್ಪಾಳೆ, ಇಡೀ ದಿನದಲ್ಲೇ ದೊಡ್ಡ ಚಪ್ಪಾಳೆ, ತಾವು ಎಷ್ಟು ತಿಳಿದುಕೊಂಡಿದ್ದೇವೆಂದು ಎಲ್ಲರಿಗೂ ಒಟ್ಟಿಗೇ ಖುಷಿಯಾಗಿ ಬಿದ್ದ ಚಪ್ಪಾಳೆ. ಕಾಶೆವ್ವ ಎದ್ದಳು, ಕೂಸುಗಳನ್ನು ದಾಟಿದಳು, ಸಕ್ಕುಬಾಯಿ ಸೆರಗು ಹಿಡಿದಳು, ಪ್ರಸಾದ ತಗೊಂಡ ಹೋಗವಾ, ಇಲ್ಲೇ ಎಲ್ಲೋ ಮರದ ಬುಡಕ ಕುಂತಿರತಾರ, ಅವರ ಸ್ವಭಾವ ನಮಗ ಗೊತ್ತಿಲ್ಲೇನು, ಅವಳು ಸೆರಗು ಕಿತ್ತುಕೊಂಡಳು. ಹೊರಗೆ ಬಿಸಿಲು. ಮತ್ತಿ ಮರದ ಬುಡದಲ್ಲಿ ಯಾರೂ ಇಲ್ಲ. ರಸ್ತೆಯಲ್ಲಿ ಬಿದಿರಿನ ಲಾರಿಯೊಂದು ಧೂಳೆಬ್ಬಿಸಿ ಹೋಯಿತು, ಧೂಳು ಇಳಿದಾಗಲೂ ಯಾರೂ ಇಲ್ಲ, ಬಸ್‌ಸ್ಟ್ಯಾಂಡಿನ ಕಡೆ ಓಡಿದರೆ ಸಿಕ್ಕಾನು, ಹಳಿಯಾಳದ ಬಸ್ಸು ಇನ್ನೂ ಹೊರಟಿರಲಿಕ್ಕಿಲ್ಲ, ಓಡಬೇಕು ಅಂತ ಚಪ್ಪಲಿಗೆ ಬಗ್ಗಿದಳು — ಅವನ ಚಪ್ಪಲಿ ಇದ್ದ ಜಾಗದಲ್ಲಿ, ಅಷ್ಟೊಂದು ಜನರ ಧೂಳು ಹಿಡಿದ ಚಪ್ಪಲಿಗಳ ನಡುವೆ, ಒಂದು ಕಲ್ಲು ಒರೆಸಿ, ಅದರ ಮೇಲೆ ಶಾಲು. ಎಸೆದಿಲ್ಲ. ಎಸೆದಿದ್ದರೆ ಓಡಬಹುದಿತ್ತು, ಹಿಡಿದು ನಿಲ್ಲಿಸಿ ಬೈಯಬಹುದಿತ್ತು, ಸಿಟ್ಟಿನಲ್ಲಿದ್ದ ಗಂಡಸನ್ನು ಹೆಂಗಸು ತಿರುಗಿಸಿ ತರಬಹುದು. ಮಡಿಚಿದ್ದಾನೆ. ನಿಂತು, ಪುರುಸೊತ್ತಿನಲ್ಲಿ, ಅಂಚಿಗೆ ಅಂಚು ಕೂಡಿಸಿ, ಜರಿ ಒಳಗೆ ಬರುವ ಹಾಗೆ ಮಡಿಚಿದ್ದಾನೆ, ಯಾರದೋ ಸಾಮಾನು ತಿರುಗಿ ಕೊಡುವಾಗ ಮಡಿಚುವ ಹಾಗೆ. ಒಳಗೆ ಭಜನೆ ಶುರುವಾಯಿತು, ತಾಳ, ಈಶಪ್ಪನ ಗಂಟಲು, ಅವನ ಹಿಂದೆ ನೂರು ಗಂಟಲು ಒಂದಾಗಿ, ಎಷ್ಟು ಚಂದ ಒಂದಾಗಿ — ಓಡಬೇಕು, ಬಸ್ಸು, ಹೋಗಿ ಏನಂತ ಕರೆಯಬೇಕು, ಇನ್ಯಾವ ಆಣೆ — ಎತ್ತಿಕೊಳ್ಳಲೂ ಕೈ ಬಾರದು, ಬಿಟ್ಟು ಹೋಗಲೂ ಕಾಲು ಬಾರದು, ಒರೆಸಿದ ಕಲ್ಲು, ಅದರ ಮೇಲೆ ಶಾಲು, ಅಂಚಿಗೆ ಅಂಚು, ಮಡಿಚಿದ್ದಾನೆ, ಮಡಿಚಿ ಇಟ್ಟಿದ್ದಾನೆ, ಅಂಚಿಗೆ ಅಂಚು ಕೂಡಿಸಿ ಮಡಿಚಿದ ಶಾಲು.